ಸೊಳ್ಳೆ ಸಾಕುವ ಪ್ರಯೋಗಾಲಯಕ್ಕೆ ಹೆಮೋಟೆಕ್ ಒದಗುವ ಬಗೆ

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಆಗಲಿ, ಬೆಂಗಳೂರು, ಮಂಗಳೂರುಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಆಗಲಿ, ಪ್ರಯೋಗಾಲಯದಲ್ಲಿ ಪೀಳಿಗೆ ಮುಂದುವರಿಸಬೇಕಾದರೆ ಹೆಣ್ಣು ಸೊಳ್ಳೆಗೆ ರಕ್ತ ಸಿಗಲೇಬೇಕು. ಸಕ್ಕರೆ ದ್ರಾವಣದಿಂದ ಅದು ಬದುಕೀತು, ಮೊಟ್ಟೆಯಿಡದು. ಅರಿವಳಿಕೆ ಕೊಟ್ಟ ಇಲಿಯನ್ನೋ ಮೊಲವನ್ನೋ ಪಂಜರದ ಮೇಲೆ ಮಲಗಿಸುವ ಹಳೆಯ ಪದ್ಧತಿಗೆ ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಅನುಮತಿ ಬೇಕು, ಪ್ರಾಣಿಗಳನ್ನು ಸಾಕುವ ಖರ್ಚೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಜೀವದ ನೋವನ್ನು ತಪ್ಪಿಸಲು ದಾರಿಯಿರುವಾಗ ತಪ್ಪಿಸುವುದು ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ. ಪ್ರಾಣಿಯಿಲ್ಲದೆ, ತೆಳು ಪೊರೆಯ ಮೂಲಕ ಸೊಳ್ಳೆಗೆ ಬೆಚ್ಚಗಿನ ರಕ್ತ ಕುಡಿಸುವ, ಇಂಗ್ಲೆಂಡಿನಲ್ಲಿ ತಯಾರಾಗುವ ಹೆಮೋಟೆಕ್ ಸಾಧನ ಅಂಥದೊಂದು ದಾರಿ.

ಇದರ ರಚನೆ ಸರಳ. ಕೆಲವೇ ಮಿಲಿಲೀಟರ್ ರಕ್ತ ಹಿಡಿಯುವ ಪುಟ್ಟ ಬಟ್ಟಲಿನ ಬಾಯಿಗೆ ಪೊರೆಯನ್ನು ಬಿಗಿದು, ರಬ್ಬರ್ ಉಂಗುರದಿಂದ ಭದ್ರಪಡಿಸಿ, ಹಿಂಬದಿಯ ರಂಧ್ರದಿಂದ ರಕ್ತ ತುಂಬಿ, ವಿದ್ಯುತ್ತಿನಿಂದ ಕಾಯುವ ಘಟಕಕ್ಕೆ ತಿರುಗಿಸಿ ಕೂರಿಸಿದರೆ ರಕ್ತ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುತ್ತದೆ. ಒಂದೇ ನಿಯಂತ್ರಕಕ್ಕೆ ಹಲವು ಘಟಕಗಳನ್ನು ಜೋಡಿಸಬಹುದಾದ್ದರಿಂದ ಏಕಕಾಲಕ್ಕೆ ಹಲವು ಪಂಜರಗಳಿಗೆ ಊಟವಾಗುತ್ತದೆ. 1964ರಲ್ಲಿ ರಟ್ಲೆಡ್ಜ್ ಮತ್ತು ಸಂಗಡಿಗರು ವಿವರಿಸಿದ ಗಾಜಿನ ಸಾಧನದಲ್ಲಾದರೋ ಬಿಸಿನೀರು ಕೊಳವೆಗಳಲ್ಲಿ ಸುತ್ತುತ್ತಿರಬೇಕು. ಸಾಲಿನ ಕೊನೆಯ ಬಟ್ಟಲಿಗೆ ಬರುವಷ್ಟರಲ್ಲಿ ನೀರು ತುಸು ತಣಿದಿರಬಹುದು, ಕೊಳವೆಯ ಕೀಲುಗಳ ಮೇಲೂ ಕಣ್ಣಿಟ್ಟಿರಬೇಕು. ಹೆಮೋಟೆಕ್‌ನ ನಿಜವಾದ ಹೆಚ್ಚುಗಾರಿಕೆ ಇರುವುದು ಈ ತೊಡಕಿನಿಂದ ಬಿಡುಗಡೆ ಕೊಡುವುದರಲ್ಲಿ.

ಆದರೆ ಸಾಧನ ಕೊಡುವುದು ಬಿಸಿಯನ್ನು ಮಾತ್ರ. ಸೊಳ್ಳೆ ಹೊಟ್ಟೆತುಂಬ ಕುಡಿಯುವುದೋ ಇಲ್ಲವೋ ಎಂಬುದು ಪೊರೆ ಮತ್ತು ರಕ್ತವನ್ನು ಅವಲಂಬಿಸಿದೆ. ಪೊರೆಯಾಗಿ ಬಳಸುವ ಪ್ಯಾರಾಫಿಲ್ಮನ್ನು (ಎಳೆದರೆ ಹಿಗ್ಗುವ, ಮೇಣದಂಥ ತೆಳು ಹಾಳೆ) ನಾಲ್ಕೂ ಕಡೆಗೆ ಸಮನಾಗಿ, ತೆಳ್ಳಗೆ ಎಳೆಯಬೇಕು. ದಪ್ಪವಾಗಿ ಉಳಿದರೆ ಸೊಳ್ಳೆ ಬಂದು ಕೂತು ಚುಚ್ಚದೆ ಹೋಗುತ್ತದೆ. ಆ ಪೊರೆಯನ್ನು ಬರಿಗೈಗೆ ಉಜ್ಜಿ ಬೆವರಿನ ವಾಸನೆ ಹತ್ತಿಸುವುದು, ಪಂಜರಕ್ಕೆ ಉಸಿರೂದುವುದು, ಹಿಂದಿನ ರಾತ್ರಿಯೇ ಸಕ್ಕರೆ ನೀರನ್ನು ತೆಗೆದಿಡುವುದು, ಇವೆಲ್ಲ ಯಾವ ಯಂತ್ರಕ್ಕೂ ಕಡಿಮೆಯಲ್ಲದ ಉಪಾಯಗಳು. ರಕ್ತದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಿಟ್ರೇಟ್ ಅಥವಾ ಹೆಪಾರಿನ್ ಬೆರೆಸಿದರೆ ಹೆಪ್ಪುಗಟ್ಟದಿರಬಹುದು, ಆದರೆ ಶೇಖರಿಸಿಟ್ಟಂತೆ ಕೆಂಪು ಕಣಗಳಲ್ಲಿರುವ ಎಟಿಪಿ ಎಂಬ ಶಕ್ತಿವಾಹಕ ರಾಸಾಯನಿಕ ಕುಂದುತ್ತದೆ, ಈಡಿಸ್ ಸೊಳ್ಳೆಯನ್ನು ಹೀರಲು ಪ್ರಚೋದಿಸುವುದೇ ಅದು. ಹಳೆಯ ರಕ್ತಕ್ಕೆ ಅದನ್ನು ಹೊರಗಿನಿಂದ ಸೇರಿಸುವುದು ವಾಡಿಕೆ. ಕಸಾಯಿಖಾನೆಯಿಂದ ಕುರಿಯ ರಕ್ತ ತರುವವರು ಆ ಕುರಿಗೆ ಇತ್ತೀಚೆಗೆ ಐವರ್ಮೆಕ್ಟಿನ್ ಕೊಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಜಂತುಹುಳುವಿನ ಆ ಔಷಧಿ ರಕ್ತದಲ್ಲಿ ಉಳಿದಿದ್ದರೆ, ಕುಡಿದ ಅನಾಫಿಲಿಸ್ ಸೊಳ್ಳೆಗಳು ಸಾಯುತ್ತವೆ; ತಿಂಗಳುಗಟ್ಟಲೆ ಕಾಪಾಡಿದ ಸಂತತಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಒಂದೆರಡು ಪಂಜರಗಳಷ್ಟೇ ಇರುವ ಕಾಲೇಜು ಪ್ರಯೋಗಾಲಯಕ್ಕೆ ಗಾಜಿನ ಸಾಧನ ಮತ್ತು ನೀರನ್ನು ಬಿಸಿಯಾಗಿಡುವ ತೊಟ್ಟಿ (ವಾಟರ್ ಬಾತ್) ಸಾಕು. ಹೆಮೋಟೆಕ್ಕಿಗೆ ತೆರಬೇಕಾದ ಹಣವನ್ನು ಒಳ್ಳೆಯ ರಕ್ತದ ಏರ್ಪಾಟಿಗೆ ಬಳಸುವುದು ಲೇಸು. ಹಲವು ತಳಿಗಳನ್ನು ಬೇರೆಬೇರೆಯಾಗಿ ಕಾಪಾಡುವ ಸಂಸ್ಥೆಗಳಿಗೆ ಹೆಮೋಟೆಕ್ಕನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ, ಜೊತೆಗೊಂದು ಯುಪಿಎಸ್ ಇರಬೇಕು. ಏಕೆಂದರೆ ಊಟದ ನಡುವೆ ಕರೆಂಟು ಹೋದರೆ ಅಷ್ಟು ಸಣ್ಣ ಪ್ರಮಾಣದ ರಕ್ತ ಬೇಗನೆ ತಣಿಯುತ್ತದೆ.