ಅದೇ ಸ್ಟುಡಿಯೊ, ಬೇರೆ ಡ್ರಮ್ಮರ್: ಡ್ರೀಮ್ ಥಿಯೇಟರ್‌ನ ಎರಡು ಆಲ್ಬಮ್‌ಗಳು

ಅಮೆರಿಕದ ಪ್ರೊಗ್ರೆಸಿವ್ ಮೆಟಲ್ (ಜಟಿಲ ತಾಳಗಳ, ದೀರ್ಘ ರಚನೆಗಳ ಅಬ್ಬರದ ರಾಕ್ ಸಂಗೀತ) ತಂಡವಾದ ಡ್ರೀಮ್ ಥಿಯೇಟರ್‌ನ 16ನೆಯ ಸ್ಟುಡಿಯೊ ಆಲ್ಬಮ್ ‘ಪ್ಯಾರಾಸೋಮ್ನಿಯಾ’ 2025ರ ಫೆಬ್ರವರಿ 7ರಂದು ಬಿಡುಗಡೆಯಾಯಿತು. 2010ರಲ್ಲಿ ತಂಡವನ್ನು ತೊರೆದಿದ್ದ ಸ್ಥಾಪಕ ಸದಸ್ಯ, ಡ್ರಮ್ಮರ್ ಮೈಕ್ ಪೋರ್ಟ್ನಾಯ್ 2023ರ ಅಕ್ಟೋಬರ್‌ನಲ್ಲಿ ಮರಳಿ ಸೇರಿದ ಮೇಲೆ ಬಂದ ಮೊದಲ ಆಲ್ಬಮ್ ಇದಾದ್ದರಿಂದ, ಇದನ್ನು ಅವರ ಕಾಲದ ಹಳೆಯ ಕೃತಿಗಳ ಜೊತೆ ತೂಗಿ ನೋಡುವ ಆಸೆ ಅಭಿಮಾನಿಗಳಿಗೆ ಸಹಜವಾದದ್ದೇ. ಆದರೆ ಅವರಿಲ್ಲದೆ ತಂಡ ಮಾಡಿದ ಕೊನೆಯ ಆಲ್ಬಮ್, ಅಂದರೆ 2021ರ ಅಕ್ಟೋಬರ್‌ನಲ್ಲಿ ಬಂದ ‘ಎ ವ್ಯೂ ಫ್ರಮ್ ದ ಟಾಪ್ ಆಫ್ ದ ವರ್ಲ್ಡ್’, ಹೋಲಿಕೆಗೆ ಹೆಚ್ಚು ತಕ್ಕದ್ದೆಂದು ನನಗೆ ತೋರಿತು. ಎರಡನ್ನೂ ನಿರ್ಮಿಸಿದವರು ಗಿಟಾರ್ ವಾದಕ ಜಾನ್ ಪೆಟ್ರೂಚಿ. ಮಿಕ್ಸಿಂಗ್, ಅಂದರೆ ಬೇರೆ ಬೇರೆ ಮುದ್ರಣಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡಿದವರು ಆಂಡಿ ಸ್ನೀಪ್. ವಾದ್ಯಗಳ ಮುದ್ರಣ ನಡೆದದ್ದು ಲಾಂಗ್ ಐಲೆಂಡ್‌ನಲ್ಲಿರುವ ತಂಡದ ಸ್ವಂತ ಸ್ಟುಡಿಯೊದಲ್ಲಿ. ಎರಡರ ಅವಧಿಯೂ 70 ನಿಮಿಷದ ಆಸುಪಾಸು, ಎರಡೂ ಮುಗಿಯುವುದು ಸುಮಾರು 20 ನಿಮಿಷದ ಒಂದು ದೀರ್ಘ ರಚನೆಯಿಂದ. ಎದ್ದು ಕಾಣುವಂತೆ ಬದಲಾದದ್ದು ಡ್ರಮ್ಮರ್ ಮಾತ್ರ. ಹೀಗಾಗಿ ಒಂದೇ ಹೆಡ್‌ಫೋನಿನಲ್ಲಿ, ಧ್ವನಿಯ ಮಟ್ಟವನ್ನು ಸರಿಹೊಂದಿಸಿಕೊಂಡು, ಎರಡನ್ನೂ ಒಂದಾದ ಮೇಲೊಂದರಂತೆ ಕೇಳುತ್ತ ಬಂದೆ.

ಪೋರ್ಟ್ನಾಯ್ ಜಾಗಕ್ಕೆ ಬಂದ ಡ್ರಮ್ಮರ್, ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೈಕ್ ಮ್ಯಾಂಜಿನಿ 2021ರ ಆಲ್ಬಮ್ಮಿನಲ್ಲಿ ನುಡಿಸಿರುವುದು, ನಮ್ಮ ಮೃದಂಗದ ಮಾತಿನಲ್ಲಿ ಹೇಳುವುದಾದರೆ, ಲೆಕ್ಕಾಚಾರದ ನುಡಿಸಾಣಿಕೆ. ‘ದಿ ಏಲಿಯನ್’ ಹಾಡಿನ ಆರಂಭದ 17 ಎಣಿಕೆಯ ಆವರ್ತದಲ್ಲಿ ಅವರ ಎರಡು ಕೈಗಳೂ ಎರಡು ಕಾಲುಗಳೂ ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದರೆ ಒಂದು ಪೆಟ್ಟೂ ಅತ್ತಿತ್ತ ಸರಿಯುವುದಿಲ್ಲ. ಈ ಹಾಡಿಗೆ 2022ರಲ್ಲಿ ಗ್ರ್ಯಾಮಿ ಬಂದದ್ದು ನ್ಯಾಯವೇ ಆಗಿದೆ. ಪೋರ್ಟ್ನಾಯ್ ಅವರದು ಸರ್ವಲಘುವಿನ, ಅಂದರೆ ಲೆಕ್ಕದ ಕಸರತ್ತಿಲ್ಲದ ಸಹಜ ನಡೆಯ, ಕಡೆಗೆ ವಾಲುವ ಕೈ. ಹೊಸ ಆಲ್ಬಮ್ಮಿನ ‘ನೈಟ್ ಟೆರರ್’, ‘ಡೆಡ್ ಅಸ್ಲೀಪ್’ ಮುಂತಾದ ಹಾಡುಗಳಲ್ಲಿ ಎಣಿಕೆ ಕಠಿಣವಾಗಿದ್ದರೂ ಅದು ಮುಂದೆ ಬಂದು ನಿಲ್ಲುವುದಿಲ್ಲ. ಗಿಟಾರಿನ ರಿಫ್ (ಮರುಕಳಿಸುವ ಪುಟ್ಟ ಸ್ವರಗುಚ್ಛ) ಹೇಳುವುದನ್ನು ಹೇಳಲು ಬಿಟ್ಟು, ಅದು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಟಾಮ್ ಎಂಬ ಡ್ರಮ್‌ಗಳ ಮೇಲೆ ಒಂದು ಉರುಳಿಕೆ ಬರುತ್ತದೆ. ಇದರ ಫಲವಾಗಿ ಪೆಟ್ರೂಚಿಯವರೂ ಜಾಗ ಬಿಟ್ಟು ನುಡಿಸುವುದು ಕೇಳಿಸುತ್ತದೆ. ಕೌಶಲದಲ್ಲಿ ಮ್ಯಾಂಜಿನಿ ಒಂದು ಕೈ ಮೇಲೆಂದು ನನ್ನ ಅಭಿಪ್ರಾಯ. ಅವರ ಕಾಲದ ಐದು ಆಲ್ಬಮ್‌ಗಳನ್ನು ಈಗ ಹಗುರವಾಗಿ ಕಾಣುವ ಅಭಿಮಾನಿಗಳ ಮಾತನ್ನು ನಾನು ಒಪ್ಪಲಾರೆ.

ಕೃತಿಯ ಒಟ್ಟು ಬಂಧದ ವಿಷಯಕ್ಕೆ ಬಂದರೆ ಹೊಸತರ ಮೇಲುಗೈ ಸ್ಪಷ್ಟ. ‘ಪ್ಯಾರಾಸೋಮ್ನಿಯಾ’ದ ಎಂಟು ಭಾಗಗಳೂ ನಿದ್ರೆಯ ತೊಂದರೆಗಳ ಸುತ್ತ ಹೆಣೆದುಕೊಂಡಿವೆ: ಒಂದರಲ್ಲಿ ಯುದ್ಧದಿಂದ ಮರಳಿದ ಸೈನಿಕರ ನೆಮ್ಮದಿಯಿಲ್ಲದ ಇರುಳು, ಇನ್ನೊಂದರಲ್ಲಿ ನಿದ್ದೆಗಣ್ಣಿನಲ್ಲೇ ನಡೆದುಹೋದ ಕೊಲೆ, ಕೊನೆಯದರಲ್ಲಿ ಎಚ್ಚರವಿದ್ದೂ ಮೈ ಅಲುಗಿಸಲಾಗದವನ ಕಣ್ಣಿಗೆ ಬೀಳುವ ನೆರಳಿನ ಆಕೃತಿ. ಆರಂಭದ ವಾದ್ಯಸಂಗೀತದಲ್ಲಿ ಕೇಳಿದ ಸ್ವರಗುಚ್ಛಗಳು ಮುಂದೆ ವೇಷ ಬದಲಿಸಿ ಮತ್ತೆ ಮತ್ತೆ ಬರುವುದರಿಂದ, ನಡುವೆ ಒಂದೇ ಹಾಡನ್ನು ಆರಿಸಿ ಕೇಳಿದರೆ ಅರ್ಧ ಸುಖವಷ್ಟೇ ದಕ್ಕುತ್ತದೆ. 2021ರದು ಏಳು ಬಿಡಿ ಹಾಡುಗಳ ಸಂಪುಟ; ಸಮಯ ಕಡಿಮೆ ಇದ್ದಾಗ ನಾನು ಅದನ್ನೇ ಹಾಕಿಕೊಳ್ಳುತ್ತೇನೆ.

ದೀರ್ಘ ರಚನೆಗಳಲ್ಲಿ ಮಾತ್ರ ನನ್ನ ತೀರ್ಪು ಹಳೆಯದರ ಪರ. ಎತ್ತರಗಳನ್ನು ಏರುವ ಸಾಹಸವನ್ನು ಕುರಿತ ಅದರ ಶೀರ್ಷಿಕೆ ಗೀತೆ ಮೂರು ಭಾಗಗಳದ್ದು. ನಡುವಿನ ಭಾಗದಲ್ಲಿ ಎಲ್ಲ ಅಬ್ಬರವೂ ಅಡಗಿ, ಹಾಡು ಬಹಳ ಹೊತ್ತು ಮೆಲುದನಿಯಲ್ಲಿ ನಿಲ್ಲುವುದರಿಂದ ಮೂರನೆಯ ಭಾಗದ ಏರಿಕೆಗೆ ತೂಕ ಬರುತ್ತದೆ. ಹೊಸ ಆಲ್ಬಮ್ಮಿನ ‘ದ ಶ್ಯಾಡೋ ಮ್ಯಾನ್ ಇನ್ಸಿಡೆಂಟ್’ನಲ್ಲಿ ಬಿಡಿ ಬಿಡಿಯಾಗಿ ಸೊಗಸಾದ ಭಾಗಗಳಿದ್ದರೂ, ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದಕ್ಕಿಂತ ಒಂದರ ಪಕ್ಕ ಇನ್ನೊಂದನ್ನು ಜೋಡಿಸಿಟ್ಟಂತೆ ಕೇಳುತ್ತದೆ. ಅದಕ್ಕೆ ಮುಂಚೆ ಬರುವ ‘ಬೆಂಡ್ ದ ಕ್ಲಾಕ್’ ಎಂಬ ನಿಧಾನಗತಿಯ ಹಾಡು, ಅದರ ಕೊನೆಯಲ್ಲಿ ಪೆಟ್ರೂಚಿ ಅವಸರವಿಲ್ಲದೆ ಬೆಳೆಸುವ ಸೋಲೋ, ನನಗೆ ಇಡೀ ಆಲ್ಬಮ್ಮಿನಲ್ಲಿ ಹೆಚ್ಚು ಹಿಡಿಸಿದ ಭಾಗ.

ಗಾಯಕ ಜೇಮ್ಸ್ ಲಾಬ್ರಿ ಕೊರೋನಾ ಕಾಲದಲ್ಲಿ 2021ರ ಹಾಡುಗಳ ರಚನೆಗೆ ಕೆನಡಾದಿಂದ ಝೂಮ್ ಮೂಲಕ ಜೊತೆಯಾದವರು. ಹೊಸತರಲ್ಲಿ ಅವರ ಧ್ವನಿ ತಗ್ಗಿನ ಸ್ಥಾಯಿಯಲ್ಲಿ ಹೆಚ್ಚು ಹೊತ್ತು ಸಂಚರಿಸುತ್ತದೆ, ಮತ್ತು ಅದು ಈಗಿನ ಅವರ ಕಂಠಕ್ಕೆ ಒಪ್ಪುತ್ತದೆ. ಜಾನ್ ಮ್ಯುಂಗ್ ಅವರ ಬೇಸ್ ಗಿಟಾರ್ ಹಳೆಯದರಲ್ಲಿ ಬಿಡಿಸಿಟ್ಟಂತೆ ಕೇಳಿದರೆ, ಹೊಸತರಲ್ಲಿ ದಪ್ಪ ಡ್ರಮ್ ನಾದದ ಕೆಳಗೆ ಕೆಲವೆಡೆ ಮುಚ್ಚಿಹೋಗುತ್ತದೆ.

ತಂಡದ ಪರಿಚಯವೇ ಇಲ್ಲದವರು ‘ದಿ ಏಲಿಯನ್’ನಿಂದ ಶುರು ಮಾಡುವುದು ಒಳ್ಳೆಯದು. ಒಂದನ್ನೇ ದುಡ್ಡು ಕೊಟ್ಟು ಕೊಳ್ಳುವುದಾದರೆ ನಾನು ‘ಪ್ಯಾರಾಸೋಮ್ನಿಯಾ’ವನ್ನು ಆರಿಸಿಕೊಳ್ಳುತ್ತೇನೆ, ಆದರೆ ಒಂದೂಕಾಲು ಗಂಟೆ ಬಿಡುವಿಲ್ಲದ ದಿನ ಅದನ್ನು ಮುಟ್ಟುವುದಿಲ್ಲ.