ಮೂರು ದಿನದ ಗದ್ದ: ಎಲೆಕ್ಟ್ರಾಲಿಸಿಸ್ ಜೊತೆ 22 ತಿಂಗಳು

ನೋಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನೋಯುತ್ತದೆ. ಒಂದೊಂದೇ ಕೂದಲಿನ ಗುಣಿಗೆ ಸೂಜಿ ಇಳಿಸಿ, ಕರೆಂಟು ಹರಿಸಿ ಬುಡವನ್ನೇ ಕೊಲ್ಲುವ ಕೆಲಸ ಇದು. ಆದರೆ ಎಲೆಕ್ಟ್ರಾಲಿಸಿಸ್ ಮೇಲೆ ನನಗಿರುವ ಸಿಟ್ಟು ನೋವಿನದ್ದಲ್ಲ. ಕೂದಲು ತೆಗೆಸಿಕೊಳ್ಳೋಕೆ ಹೋಗುವ ಮುಂಚೆ ಅದನ್ನು ಬೆಳೆಸಿಕೊಂಡು ಹೋಗಬೇಕಲ್ಲ, ಅದರದ್ದು.

ನಾನು ಮಾಡಿಸುತ್ತಿರುವುದು ಗದ್ದ, ಗದ್ದದ ಕೆಳಭಾಗ ಮತ್ತು ಮೇಲ್ತುಟಿಗೆ. ಅದಕ್ಕೂ ಮುಂಚಿನ 14 ವರ್ಷ ಪ್ಲಕ್ಕರ್ ಜೊತೆ ಸಂಸಾರ ಮಾಡಿದವಳು. ಬ್ಯಾಗಿನಲ್ಲೊಂದು, ಬಾತ್‌ರೂಮಿನಲ್ಲೊಂದು, ಆಫೀಸಿನ ಡ್ರಾಯರಿನಲ್ಲೊಂದು. ಬೆಳಗ್ಗೆ ಎದ್ದ ಕೂಡಲೇ ಕೈಕನ್ನಡಿ ಹಿಡಿದು ಕಿಟಕಿಯ ಹತ್ತಿರ ಹೋಗುವುದು, ಗದ್ದ ಎತ್ತಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ ಹುಡುಕುವುದು. ಟ್ಯೂಬ್‌ಲೈಟಿನಲ್ಲಿ ಕಾಣದ್ದು ಹಗಲಿನ ಬೆಳಕಿನಲ್ಲಿ ಕಾಣುತ್ತದೆ, ಗದ್ದದಲ್ಲಿ ಕೂದಲಿರುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಥವಳಿಗೆ ಮೊದಲ ದಿನವೇ ಹಾಕಿದ ನಿಯಮ: ಇನ್ನು ಮೇಲೆ ಕೀಳಬಾರದು. ಪ್ಲಕ್ಕರ್ ಬೇಡ, ಥ್ರೆಡಿಂಗ್ ಬೇಡ, ವ್ಯಾಕ್ಸ್ ಬೇಡ. ಕಿತ್ತ ಕೂದಲಿನ ಗುಣಿ ಖಾಲಿಯಾಗಿರುತ್ತದೆ, ಸೂಜಿ ಇಳಿಸೋಕೆ ದಾರಿ ತೋರಿಸುವ ಕೂದಲೇ ಅಲ್ಲಿರುವುದಿಲ್ಲ. ಕತ್ತರಿ ಆಗಬಹುದು, ರೇಜರ್ ಆಗಬಹುದು. ರೇಜರ್! ಬೋಳಿಸಿದರೆ ದಪ್ಪ ಬೆಳೆಯುತ್ತದೆ ಅನ್ನುವುದು ಸುಳ್ಳು, ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹಾಗನ್ನಿಸುತ್ತದೆ ಅಷ್ಟೇ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಗದ್ದಕ್ಕೆ ಮೊದಲ ಸಲ ರೇಜರ್ ಹಚ್ಚಿದ ದಿನ ಬಾಗಿಲಿಗೆ ಚಿಲಕ ಹಾಕಿಕೊಂಡು ಅತ್ತಿದ್ದೆ.

ಸಿಟ್ಟಿಂಗ್‌ಗೆ ಮೂರು ದಿನ ಇರುವಾಗ ರೇಜರನ್ನೂ ನಿಲ್ಲಿಸಬೇಕು. ಹಿಡಿಯೋಕೆ ಸಿಗುವಷ್ಟು ಉದ್ದ ಬರಬೇಕಲ್ಲ. ಇದರಲ್ಲೊಂದು ಲೆಕ್ಕವೂ ಇದೆ. ಬೋಳಿಸಿ ಮೂರು ದಿನಕ್ಕೆ ತಲೆ ಎತ್ತುವ ಕೂದಲು ಎಂದರೆ ಸದ್ಯ ಬೆಳೆಯುತ್ತಿರುವ ಕೂದಲು. ಅದರ ಬುಡ ಇನ್ನೂ ರಕ್ತದಿಂದ ಆಹಾರ ಎಳೆಯುತ್ತಿರುತ್ತದೆ, ಅದನ್ನು ಕೊಂದರೆ ಪೂರ್ತಿ ಸಾಯುತ್ತದೆ. ಲೆಕ್ಕವೇನೋ ಸರಿ, ಆದರೆ ಆ ಮೂರು ದಿನ ಬದುಕಬೇಕಾದವಳು ನಾನು. ಮೀಟಿಂಗಿನಲ್ಲಿ ಯೋಚನೆ ಮಾಡುವವಳ ಹಾಗೆ ಗದ್ದಕ್ಕೆ ಕೈ ಕೊಟ್ಟು ಕೂತಿದ್ದೇನೆ. ಕ್ಯಾಮೆರಾ ಕೆಟ್ಟಿದೆ ಅಂದಿದ್ದೇನೆ. ಕೊನೆಗೆ ಹೊಳೆದ ಉಪಾಯ ಸೋಮವಾರ ಬೆಳಗಿನ ಮೊದಲ ಸಿಟ್ಟಿಂಗ್ ಹಿಡಿಯುವುದು. ಶುಕ್ರವಾರ ಬೆಳಗ್ಗೆ ಕೊನೆಯ ಸಲ ಬೋಳಿಸಿ ಶನಿವಾರ, ಭಾನುವಾರ ಮನೆಯೊಳಗೇ ಕಳೆದರೆ ಆಯಿತು. ಈ ವಿಮರ್ಶೆಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವವರು ಇದನ್ನು ಇಟ್ಟುಕೊಳ್ಳಿ.

ಲೇಸರ್ ಯಾಕೆ ಮಾಡಿಸಲಿಲ್ಲ ಅನ್ನುವವರಿಗೆ: ಮಾಡಿಸಿದ್ದೆ, ಆರು ಸಿಟ್ಟಿಂಗ್. ಲೇಸರಿಗೆ ಕೂದಲಿನ ಕಪ್ಪು ಬಣ್ಣ ಬೇಕು. ಕಪ್ಪು ಕೂದಲು ಕಡಿಮೆಯಾಯಿತು, ಬಿಳಿಯವು ಮತ್ತು ಸಪೂರದವು ಅಲ್ಲೇ ಉಳಿದವು. ನನ್ನ ಗದ್ದಕ್ಕೆ ತಲೆಗಿಂತ ಮುಂಚೆಯೇ ನರೆ ಬಂದಿದೆ, ಏನು ಮಾಡೋದು. ಔಷಧ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಲೇಸರಿನ ವಿಷಯದಲ್ಲಿ ‘ಶಾಶ್ವತವಾಗಿ ಕಡಿಮೆ ಮಾಡುವುದು’ ಅನ್ನುವ ಮಾತನ್ನಷ್ಟೇ ಒಪ್ಪುತ್ತದೆ. ಶಾಶ್ವತವಾಗಿ ತೆಗೆಯುವುದು ಅಂದರೆ ಸೂಜಿಯೇ. ಮನೆಯಲ್ಲೇ ಬಳಸುವ ಕರೆಂಟಿನ ಚಿಮಟವೂ ಒಂದು ಕೊಂಡಿದ್ದೆ. ಕೂದಲು ಕರೆಂಟನ್ನು ಸರಿಯಾಗಿ ಹರಿಸುವುದೇ ಇಲ್ಲ, ಹಾಗಾಗಿ ಅದನ್ನು ಚಿಮಟದಲ್ಲಿ ಹಿಡಿದು ಕೂತರೆ ಬುಡಕ್ಕೆ ಏನೂ ಮುಟ್ಟುವುದಿಲ್ಲ ಅಂತ ದುಡ್ಡು ಕೊಟ್ಟಾದ ಮೇಲೆ ಓದಿದೆ.

ಇನ್ನು ಕಹಿ ಭಾಗ. ಮೊದಲ ನಾಲ್ಕು ತಿಂಗಳು ನಾನು ಹೋದ ಜಾಗದ ಹೆಸರು ಹೇಳುವುದಿಲ್ಲ. ಅಲ್ಲಿದ್ದವರ ಕೈ ಬಹಳ ಚುರುಕು. ಥರ್ಮೊಲಿಸಿಸ್ ಅನ್ನುವ ಪದ್ಧತಿ. ಹೈ ಫ್ರೀಕ್ವೆನ್ಸಿ ಕರೆಂಟು ಬುಡದ ತೇವವನ್ನು ಬಿಸಿ ಮಾಡಿ ಸುಡುತ್ತದೆ, ಒಂದು ಕೂದಲಿಗೆ ಒಂದು ಸೆಕೆಂಡೂ ಹಿಡಿಯುವುದಿಲ್ಲ. ಟಕ್, ಟಕ್, ಟಕ್. ಪ್ರತಿ ಟಕ್‌ಗೂ ಕೂದಲು ಕಿತ್ತು ಬಂದದ್ದು ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಹೀಗೇ ಇರಬೇಕು ಅಂದುಕೊಂಡೆ. ಸಿಟ್ಟಿಂಗ್ ಮುಗಿದಾಗ ಗದ್ದ ನುಣ್ಣಗೆ, ನಾನು ಖುಷಿಯಲ್ಲಿ. ಕೆಲವು ವಾರ ಕಳೆಯುವುದರೊಳಗೆ ಎಲ್ಲಾ ಹಾಜರು, ಅಷ್ಟೇ ದಪ್ಪ, ಅಷ್ಟೇ ಕಪ್ಪು. ಅಲ್ಲಿ ನಡೆಯುತ್ತಿದ್ದದ್ದು ದುಬಾರಿ ಪ್ಲಕ್ಕಿಂಗ್. ಜೊತೆಗೆ ಅತಿ ಬಿಸಿಯಿಂದ ಹಕ್ಕಳೆ, ಹಕ್ಕಳೆ ಉದುರಿದ ಜಾಗದಲ್ಲಿ ಕಂದು ಕಲೆ. ಆ ಕಲೆ ಮಾಸೋಕೆ ಅರ್ಧ ವರ್ಷ ಬೇಕಾಯಿತು. ಚರ್ಮದ ಬಣ್ಣ ಗಾಢವಿದ್ದಷ್ಟೂ ಇಂಥ ಕಲೆ ಬೇಗ ಕೂರುತ್ತದೆ, ಅದನ್ನೂ ಯಾರೂ ಹೇಳಿರಲಿಲ್ಲ.

ಈಗ ಗೊತ್ತಿರುವುದನ್ನು ಹೇಳುತ್ತೇನೆ. ಕರೆಂಟು ಸರಿಯಾಗಿ ತಾಗಿದ ಕೂದಲು ಎಳೆತವೇ ತಿಳಿಯದ ಹಾಗೆ ಜಾರಿ ಬರಬೇಕು. ಕಿತ್ತ ಹಾಗನ್ನಿಸಿತೋ, ಕೈ ಎತ್ತಿ ನಿಲ್ಲಿಸಿ. ನಾಚಿಕೆ ಬೇಡ. ನಾನು ನಾಲ್ಕು ತಿಂಗಳು ನಾಚಿಕೊಂಡೆ.

ಆಮೇಲೆ ಹೋದ ಎರಡನೆಯ ಜಾಗದ ಮೇಡಂ ಮೊದಲ ದಿನ ಹದಿನೈದೇ ನಿಮಿಷ ಕೆಲಸ ಮಾಡಿದರು, ಅದೂ ಗದ್ದದ ಕೆಳಗೆ ಯಾರಿಗೂ ಕಾಣದ ಕಡೆ. ಚರ್ಮ ಹೇಗೆ ತಗೊಳ್ಳುತ್ತೋ ನೋಡೋಣ, ಮುಂದಿನ ವಾರ ಬನ್ನಿ ಅಂದರು. ಪೇಸ್‌ಮೇಕರ್ ಇದೆಯಾ, ಯಾವ ಮಾತ್ರೆ ನುಂಗುತ್ತೀರಿ, ಮುಟ್ಟು ಸರಿಯಾಗಿ ಆಗುತ್ತಾ ಅಂತ ಒಂದೊಂದೇ ಕೇಳಿದರು. ಕೊನೆಯದಕ್ಕೆ ನಾನು ತಡವರಿಸಿದ್ದನ್ನು ನೋಡಿ, “ಹಾರ್ಮೋನ್ ಪರೀಕ್ಷೆ ಮಾಡಿಸಿ ನೋಡಿ. ಇರೋ ಕೂದಲನ್ನ ನಾನು ಕೊಲ್ಲಬಲ್ಲೆ, ನಾಳೆ ಹುಟ್ಟೋದನ್ನ ಅಲ್ಲ” ಅಂದರು. ಪರೀಕ್ಷೆಯಲ್ಲಿ ಪಿಸಿಒಎಸ್ ಅನ್ನುವ ಹಾರ್ಮೋನ್ ಏರುಪೇರಿನ ತೊಂದರೆ ಇರುವುದು ಗೊತ್ತಾಯಿತು. 14 ವರ್ಷ ಗದ್ದವನ್ನು ಬೈದುಕೊಂಡೇ ಬಂದಿದ್ದೆ, ವೈದ್ಯರ ಹತ್ತಿರ ಹೋಗಬೇಕು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಇವರದ್ದು ಬ್ಲೆಂಡ್ ಪದ್ಧತಿ. ಬಿಸಿಯ ಜೊತೆಗೆ ಹಳೆಯ ಕಾಲದ ಗ್ಯಾಲ್ವನಿಕ್ ಕರೆಂಟನ್ನೂ ಹರಿಸುತ್ತಾರೆ. ಅದು ಗುಣಿಯೊಳಗಿನ ಉಪ್ಪು ನೀರನ್ನು ಒಡೆದು ಅಲ್ಲೇ ಒಂಚೂರು ಕಾಸ್ಟಿಕ್ ಸೋಡಾ ಮಾಡುತ್ತದೆ, ಬುಡವನ್ನು ಕರಗಿಸುವುದು ಆ ಕ್ಷಾರ. ಕೂದಲಿಗೆ ಕೆಲವು ಸೆಕೆಂಡು ಹಿಡಿಯುತ್ತದೆ, ನಿಧಾನ. 1875ರಲ್ಲಿ ಚಾರ್ಲ್ಸ್ ಮಿಶೆಲ್ ಅನ್ನುವ ಕಣ್ಣಿನ ವೈದ್ಯರು ಒಳಕ್ಕೆ ಬಾಗಿ ಕಣ್ಣುಗುಡ್ಡೆಗೆ ಚುಚ್ಚುವ ರೆಪ್ಪೆಗೂದಲನ್ನು ಹೀಗೇ ತೆಗೆದರಂತೆ. ರೆಪ್ಪೆಯ ಅಂಚಿಗೆ ಸೂಜಿ! ಮೇಲ್ತುಟಿ ನೋಯುವಾಗ ನಾನು ಆ ರೋಗಿಗಳನ್ನು ನೆನೆದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ. ಅಷ್ಟು ಹಿಂದಿನಿಂದ ಇಲ್ಲಿಯವರೆಗೂ ಕೆಲಸ ಒಂದೊಂದೇ ಕೂದಲಿನದ್ದು. ಹಲವು ಸೂಜಿಗಳನ್ನು ಒಟ್ಟಿಗೆ ಇಳಿಸಿಡುವ ಪದ್ಧತಿಯೂ ಇದೆ, ನಾನು ಮಾಡಿಸಿಲ್ಲ.

ಸಿಟ್ಟಿಂಗ್ ದಿನದ ನನ್ನ ಪಾಠ ಈಗ ಬಾಯಿಗೆ ಬಂದಿದೆ. ಹಿಂದಿನ ದಿನದಿಂದಲೇ ನೀರು ಜಾಸ್ತಿ ಕುಡಿಯುತ್ತೇನೆ, ತೇವವಿದ್ದರೆ ಕರೆಂಟು ಸಲೀಸಾಗಿ ಹರಿಯುತ್ತದೆ ಅಂತ ಮೇಡಂ ಮಾತು. ಮುಖಕ್ಕೆ ಮೇಕಪ್ ಏನನ್ನೂ ಹಚ್ಚದೆ ಹೋಗುತ್ತೇನೆ. ಹೊಸ ಸೂಜಿಯ ಪೊಟ್ಟಣ ನನ್ನ ಕಣ್ಣ ಮುಂದೆ ಹರಿಯಬೇಕು, ಆ ಚಿರ್ ಸದ್ದು ಕೇಳಿದ ಮೇಲೇ ನಾನು ಒರಗುವುದು. ಒಂದು ಕೈಯಲ್ಲಿ ಒದ್ದೆ ಸ್ಪಂಜು ಸುತ್ತಿದ ಲೋಹದ ಸರಳು. ಕಣ್ಣಿಗೆ ಹತ್ತಿ. ಮುಖದ ಮೇಲೆ ಭೂತಗನ್ನಡಿಯ ದೀಪದ ಕಾವು. ಆಮೇಲೆ ಪೀಂ ಅನ್ನುವ ಸದ್ದು, ನಾನು ಎಣಿಸಲು ಶುರು. ಗದ್ದದ ಕೆಳಗೆ ಇರುವೆ ಕಚ್ಚಿದ ಹಾಗೆ. ಗದ್ದದ ಮೇಲೆ ಅದೇ ಇರುವೆ, ಸ್ವಲ್ಪ ಸಿಟ್ಟಿನದ್ದು. ಮೂಗಿನ ಕೆಳಗೆ, ಮೇಲ್ತುಟಿಯ ನಡು ಮಧ್ಯಕ್ಕೆ ಬಂದಾಗ ಅಳು ಬರದಿದ್ದರೂ ಕಣ್ಣೀರು ಬರುತ್ತದೆ, ಹಿಂದೆಯೇ ಸೀನು. ಸೂಜಿ ಒಳಗಿರುವಾಗ ಸೀನಬಾರದಲ್ಲ, ಅದಕ್ಕೆ ನನ್ನ ಹೆಬ್ಬೆರಳು ಅಲ್ಲಾಡಿದರೆ ಸಾಕು, ಮೇಡಂ ಸೂಜಿ ತೆಗೆದು ಕಾಯುತ್ತಾರೆ. ಮರಗಟ್ಟಿಸುವ ಕ್ರೀಮನ್ನು ಮೇಲ್ತುಟಿಗೆ ಮಾತ್ರ ಹಚ್ಚಿಕೊಳ್ಳುತ್ತೇನೆ.

ಮನೆಗೆ ಬಂದು ತಣ್ಣೀರಿನ ಬಟ್ಟೆ, ಲೋಳೆಸರದ ಜೆಲ್, ಒಗೆದ ದಿಂಬಿನ ಕವರ್. ಒಂದು ದಿನ ಮೇಕಪ್ ಇಲ್ಲ, ಬಿಸಿಲಿಲ್ಲ. ಮರುದಿನ ಗುಂಡುಸೂಜಿಯ ತಲೆಯಷ್ಟು ಹಕ್ಕಳೆಗಳು ಏಳುತ್ತವೆ, ಕೆರೆಯಬಾರದು. ಹೇಳೋದು ಸುಲಭ. ನನ್ನ ಬೆರಳಿಗೆ ಹುಡುಕುವ ಚಾಳಿ. ಓದುವಾಗ, ಫೋನಿನಲ್ಲಿ ಮಾತಾಡುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿಯೇ ಗದ್ದಕ್ಕೆ ಹೋಗಿ ತಡವುತ್ತಿರುತ್ತದೆ.

ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡುವ ಕೆಲಸವಾದ್ದರಿಂದ ನಾನೂ ನಿಮಿಷ ಬರೆದಿಟ್ಟಿದ್ದೇನೆ. ನನ್ನ ಸಂಬಳಕ್ಕೆ ವಾರಕ್ಕೆ ಅರ್ಧ ಗಂಟೆಯ ಮೇಲೆ ಆಗುತ್ತಿರಲಿಲ್ಲ. ಐದು ತಿಂಗಳು ವಾರವಾರ, ಆಮೇಲೆ ಐದು ತಿಂಗಳು ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ, ಅದೂ ಹದಿನೈದೇ ನಿಮಿಷ. ಎಲ್ಲಾ ಸೇರಿ 17 ಗಂಟೆ. ಮೊದಲ ನಾಲ್ಕು ತಿಂಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ಹೊಟ್ಟೆ ಉರಿಯುತ್ತದೆ. ಮೂರನೇ ತಿಂಗಳಲ್ಲಿ ಬಿಟ್ಟೇ ಬಿಡೋಣ ಅನ್ನಿಸಿತ್ತು. ತೆಗೆದಷ್ಟೂ ಬರುತ್ತಲೇ ಇತ್ತು. ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ, ಚರ್ಮದ ಕೆಳಗೆ ಮಲಗಿದ್ದವು ತಮ್ಮ ಸರದಿ ಬಂದಾಗ ಏಳುತ್ತವೆ, ಸತ್ತವೇ ಎದ್ದು ಬಂದ ಹಾಗೆ ಕಾಣುತ್ತದೆ. ಪೂರ್ತಿ ಸಾಯದವು ಮತ್ತೆ ಬಂದರೂ ಸಪೂರವಾಗಿ ಬರುತ್ತವೆ. ಏಳನೇ ತಿಂಗಳ ಹೊತ್ತಿಗೆ ಇದು ನನ್ನ ಕಣ್ಣಿಗೇ ಕಂಡಿತು. ಕೈಕಾಲಿಗೆಲ್ಲ ಇದನ್ನು ಮಾಡಿಸುವ ಯೋಚನೆ ನನಗಿಲ್ಲ, ಅಷ್ಟು ದುಡ್ಡೂ ಇಲ್ಲ, ಅಷ್ಟು ಆಯಸ್ಸೂ ಇಲ್ಲ. ಆದರೆ ಪ್ಲಕ್ಕರಿಗೆ ದಿನಕ್ಕೆ ಹತ್ತು ನಿಮಿಷ ಅಂದುಕೊಂಡರೂ 14 ವರ್ಷಕ್ಕೆ 850 ಗಂಟೆ ಆಗುತ್ತದೆ. ಅದನ್ನು ಒಂದು ರಾತ್ರಿ ಗುಣಿಸಿ ನೋಡಿ ಸುಮ್ಮನೆ ಕೂತಿದ್ದೆ.

ಕೂದಲು ಹೋಗುತ್ತದೆ ಅಂತ ಗೊತ್ತಿದ್ದೇ ದುಡ್ಡು ಕೊಟ್ಟವಳು ನಾನು. ಗೊತ್ತಿಲ್ಲದೆ ಸಿಕ್ಕಿದ್ದು ಕೈಯ ವಿಷಯದಲ್ಲಿ. ಮೊನ್ನೆ ಅಕ್ಕನ ಜೊತೆ ಒಂದೂವರೆ ಗಂಟೆ ಮಾತಾಡಿದೆ, ಎದ್ದು ಹೊರಡುವಾಗ ಅವಳೇ ಹೇಳಿದಳು: “ಏನೇ, ಇವತ್ತು ಒಂದ್ಸಲನೂ ಗದ್ದ ಮುಟ್ಕೊಳ್ಳಲಿಲ್ಲ?” ಎರಡು ಕೈಯೂ ಮಡಿಲಲ್ಲೇ ಇದ್ದವು.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಮೂರು ದಿನಗಳ ಬಾಬ್ತು. ಇವತ್ತು ಶನಿವಾರ, ಎಡಗಡೆ ಎರಡು ಬಿಳಿ ಕೂದಲು ತಲೆ ಎತ್ತಿವೆ, ಸೋಮವಾರ ಬೆಳಗ್ಗೆ ಒಂಬತ್ತೂವರೆಯ ತನಕ ಮುಟ್ಟುವ ಹಾಗಿಲ್ಲ.