ಕ್ರಿಮಿನಲ್ ಕೇಸಿಗೆ ವಕೀಲರು: ನಾಲ್ಕು ಕಡೆ ಕೇಳಿದ ಒಂದೇ ಪ್ರಶ್ನೆ

ಕ್ರಿಮಿನಲ್ ವಕೀಲರನ್ನು ಅಳೆಯೋಕೆ ನನಗೆ ಸಿಕ್ಕ ಒಳ್ಳೆಯ ಪ್ರಶ್ನೆ ಒಂದೇ: "ಸರ್, ನಿರೀಕ್ಷಣಾ ಜಾಮೀನು ಹಾಕಬೇಕಾ?" ಬಂಧನಕ್ಕೆ ಮೊದಲೇ ಕೋರ್ಟಿನಿಂದ ಪಡೆಯೋ ಜಾಮೀನು ಅದು. ಉತ್ತರ ಹೌದೋ ಅಲ್ಲವೋ ಅನ್ನೋದು ಆಮೇಲೆ. ಉತ್ತರ ಹೇಳೋ ಮೊದಲು ಎಫ್‌ಐಆರ್ ಓದುತ್ತಾರಾ ಅನ್ನೋದನ್ನು ನೋಡಬೇಕು.

ನಮ್ಮ ಕೇಸು ಇಷ್ಟು. ನನ್ನ ಚಿಕ್ಕಪ್ಪನ ಮಗನಿಗೂ ಪಕ್ಕದ ಮನೆಯವರಿಗೂ ಗಾಡಿ ನಿಲ್ಲಿಸೋ ವಿಚಾರಕ್ಕೆ ಜಗಳವಾಗಿ, ಅವರ ಬೆರಳಿನ ಮೂಳೆ ಮುರಿಯಿತು. ದೂರು ಇವನ ಮೇಲೂ ಇವನ ಹೆಂಡತಿ ಮೇಲೂ ಆಯಿತು. ಹಾಕಿದ ಸೆಕ್ಷನ್‌ಗಳು ಭಾರತೀಯ ನ್ಯಾಯ ಸಂಹಿತೆಯ 115(2) ಗಾಯ, 117(2) ಗಂಭೀರ ಗಾಯ, 351(2) ಬೆದರಿಕೆ, 352 ಬೇಕಂತಲೇ ಅವಮಾನ, ಜೊತೆಗೆ 3(5), ಅಂದರೆ ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ಗಂಭೀರ ಗಾಯ. 117(2)ಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ ಅಂತ ಯಾರೋ ಹೇಳಿದ್ದೇ ತಡ, ಮನೆಯವರ ನಿದ್ದೆ ಹಾರಿಹೋಯಿತು.

ಮೊದಲು ಹೋಗಿದ್ದು ನೆಂಟರು ಹೇಳಿದ ಹೆಸರುವಾಸಿ ಸೀನಿಯರ್ ಹತ್ತಿರ. ಎಫ್‌ಐಆರ್ ಪ್ರತಿ ಕೈಗೆ ಕೊಟ್ಟರೆ, ಮಡಿಕೆ ಬಿಚ್ಚದೆ ಹಾಗೇ ಮೇಜಿನ ಮೇಲಿಟ್ಟರು. "ನಾಳೆನೇ ನಿರೀಕ್ಷಣಾ ಜಾಮೀನು ಹಾಕೋಣ. ಆಮೇಲೆ 482ರಲ್ಲಿ ಹೈಕೋರ್ಟಿಗೆ ಹೋದ್ರೆ ಕೇಸೇ ರದ್ದು." ಇಲ್ಲಿ ಒಂದು ತಮಾಷೆ ಇದೆ. ಕ್ರಿಮಿನಲ್ ಕೇಸು ನಡೆಸೋ ಕ್ರಮ ಹೇಳುತ್ತಿದ್ದ ಹಳೆಯ ಸಿಆರ್‌ಪಿಸಿಯಲ್ಲಿ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸೋಕೆ 482. ಆದರೆ ಅದರ ಬದಲಿಗೆ 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನೇ! ರದ್ದತಿಗೆ ಈಗ 528. ಬಾಯಿಗೆ ರೂಢಿಯಾದ ನಂಬರು ಒಂದೇ ದಿನದಲ್ಲಿ ಹೋಗಲ್ಲ, ನಿಜ. ನನಗೆ ಬೇಜಾರಾಗಿದ್ದು ಆ ಮಡಿಕೆ ಬಿಚ್ಚದ ಕಾಗದದಿಂದ. ಪ್ರತಿ ವಾಯಿದೆಗೂ ನೀವೇ ಬರ್ತೀರಾ ಅಂತ ಕೇಳಿದ್ದಕ್ಕೆ, "ನಮ್ಮ ಹುಡುಗ ಬರ್ತಾನೆ" ಅಂದರು. ಕೊಲೆ, ಡ್ರಗ್ಸ್ ತರಹದ ಸೆಷನ್ಸ್ ಕೇಸಾದರೆ ನಾನು ಈಗಲೂ ಇಂಥವರ ಹತ್ತಿರವೇ ಹೋಗ್ತೀನಿ. ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹಿಡಿಯೋ ಕಲೆ ಅನುಭವದಿಂದಲೇ ಬರೋದು.

ಎರಡನೆಯದು ಫೋನಿನಲ್ಲಿ ಸಲಹೆ ಕೊಡೋ ಆಪ್. ಅಗ್ಗ, ಬೇಗ, ಅಷ್ಟೇ. ಆ ಕಡೆಯ ವಕೀಲರು ಸೆಕ್ಷನ್ ಅರ್ಥ ಸರಿಯಾಗೇ ಬಿಡಿಸಿ ಹೇಳಿದರು. ಆದರೆ ಠಾಣೆಯಿಂದ ಫೋನ್ ಬಂದಾಗ ಜೊತೆಗೆ ಬರೋರು ಅವರಲ್ಲ.

ಮೂರನೆಯದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. "ಪುಕ್ಕಟೆ ವಕೀಲರಾ?" ಅಂತ ಮನೆಯಲ್ಲಿ ಮೂಗು ಮುರಿದರು. ಆದರೆ ಹೆಣ್ಣುಮಕ್ಕಳಿಗೆ, ಕಸ್ಟಡಿಯಲ್ಲಿ ಇರುವವರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಇಲ್ಲಿ ವಕೀಲರು ಸಿಗ್ತಾರೆ. ಇದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್. ಫೋನ್ ಮಾಡಿ ಕೇಳೋದಾದರೆ 15100. ಚಿಕ್ಕಪ್ಪನ ಮಗನ ಹೆಂಡತಿಯ ಹೆಸರಲ್ಲಿ ಅರ್ಜಿ ಕೊಟ್ಟೆವು. ಅಲ್ಲಿನ ಡಿಫೆನ್ಸ್ ಕೌನ್ಸೆಲ್‌ಗಳು, ಅಂದರೆ ಆರೋಪಿ ಪರ ವಕೀಲರು, ಕ್ರಿಮಿನಲ್ ಕೇಸು ಮಾತ್ರ ನಡೆಸೋರು, ಖಾಸಗಿ ಪ್ರಾಕ್ಟೀಸ್ ಇಲ್ಲ.

ಅವರಲ್ಲಿ ನಮಗೆ ಸಿಕ್ಕ ಮೇಡಂ ಎಫ್‌ಐಆರ್ ಪೂರ್ತಿ ಓದಿದರು. ಪೆನ್ಸಿಲಿನಲ್ಲಿ ಪ್ರತಿ ಸೆಕ್ಷನ್ ಪಕ್ಕ "ಜಾ" ಅಂತ ಗುರುತು ಹಾಕುತ್ತಾ ಹೋದರು. "ಎಲ್ಲಾ ಜಾಮೀನು ಸಿಗೋ ಸೆಕ್ಷನ್ನೇ ಅಮ್ಮ. ನಿರೀಕ್ಷಣಾ ಜಾಮೀನು ಇರೋದೇ ಜಾಮೀನುರಹಿತ ಅಪರಾಧಕ್ಕೆ. ಈಗ ಹಾಕಿದ್ರೆ ವಾಪಸ್ ಬರುತ್ತೆ. ದೂರಿನಲ್ಲಿ ಕಬ್ಬಿಣದ ರಾಡು, ಮಚ್ಚು ಅಂತೇನಾದ್ರೂ ಇದ್ಯಾ? ಇಲ್ಲ. ಮುಂದೆ ಹಾಗೇನಾದ್ರೂ ಬಂದು, ಅಪಾಯಕಾರಿ ಆಯುಧದಿಂದ ಗಂಭೀರ ಗಾಯ ಅನ್ನೋ 118(2) ಸೇರಿಸಿದ್ರೆ ಆಗ ಓಡಿ ಬನ್ನಿ." ಆಮೇಲೆ ಗಂಡ ಹೆಂಡತಿ ಇಬ್ಬರ ಮುಖ ನೋಡಿ, "ನೀವಿಬ್ಬರೂ ಹೇಳೋದು ಒಂದೇ ಕಥೆನಾ? ಬೇರೆ ಬೇರೆ ಆದ್ರೆ ವಕೀಲರೂ ಬೇರೆ ಇರಲಿ" ಅಂದರು. ಸೀನಿಯರ್ ಆಫೀಸಿನಲ್ಲಿ ಈ ಮಾತೇ ಬಂದಿರಲಿಲ್ಲ. ಒಂದು ಕೊರತೆ ಅಂದರೆ ಅವರ ಮೇಜಿನ ಮೇಲೆ ಫೈಲುಗಳ ರಾಶಿ. ಫೋನಿಗೆ ಸಿಗೋದು ಕಷ್ಟ.

ಗಂಡನಿಗೆ ಅಲ್ಲಿ ಆದಾಯದ ಮಿತಿ ಅಡ್ಡ ಬಂತು. ಅದಕ್ಕೇ ನಾಲ್ಕನೆಯ ದಾರಿ: ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡೋದು. ಕೇಸು ಕೂಗಿದಾಗ ಯಾರು ಎದ್ದು ನಿಲ್ತಾರೆ, ಯಾರು ಬರೀ "ಟೈಮ್ ಕೊಡಿ ಸ್ವಾಮಿ" ಅಂತಾರೆ, ಯಾರಿಗೆ ತಮ್ಮ ಕೇಸಿನ ಸಾಕ್ಷಿಯ ಹೆಸರು ನೆನಪಿದೆ, ಎಲ್ಲಾ ಗೊತ್ತಾಗುತ್ತೆ. ಅಲ್ಲಿ ಮೆಚ್ಚಿದ ವಕೀಲರ ಹೆಸರನ್ನು ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿ, ಇದೇ ಕೋರ್ಟಿನಲ್ಲಿ ಅವರು ನಡೆಸಿದ ಕೇಸುಗಳನ್ನು ನೋಡಿದೆ. ಜಾಹೀರಾತು ಕೊಡೋ ಹಾಗಿಲ್ಲ ಅಂತ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮವೇ ಇದೆ. ಹಾಗಾಗಿ "ನಂಬರ್ ಒನ್ ಕ್ರಿಮಿನಲ್ ಲಾಯರ್" ಅನ್ನೋ ಬೋರ್ಡಿಗಿಂತ ಆ ಪಟ್ಟಿ ಮೇಲು. ಗೆದ್ದರೆ ಇಷ್ಟು ಪಾಲು ಅಂತ ಫೀಸು ಮಾತಾಡೋದೂ ನಿಯಮಕ್ಕೆ ವಿರುದ್ಧ. ಅಂಥವರು ಸಿಕ್ಕರೆ ಎದ್ದು ಬನ್ನಿ.

ಈ ವಕೀಲರು ಫೀಸನ್ನು ಹಂತ ಹಂತವಾಗಿ ಬರೆದುಕೊಟ್ಟರು: ಜಾಮೀನಿಗೆ ಇಷ್ಟು, ವಿಚಾರಣೆಗೆ ಇಷ್ಟು. ಠಾಣೆಯಿಂದ ನಾಗರಿಕ ಸುರಕ್ಷಾ ಸಂಹಿತೆಯ 35(3) ನೋಟಿಸ್ ಬಂದಾಗ ನಾವು ಹೆದರಿದರೆ, ಅವರು ನಕ್ಕರು. ಬಂಧಿಸುವ ಬದಲು ವಿಚಾರಣೆಗೆ ಕರೆಯೋ ನೋಟಿಸ್ ಅದು. ಹೇಳಿದ ದಿನ ಹೋಗಬೇಕು, ತಪ್ಪಿಸಿದರೆ ಮಾತ್ರ ತೊಂದರೆ. ಪೊಲೀಸರು ಬರೆದುಕೊಳ್ಳೋ ಹೇಳಿಕೆಗೆ ಸಹಿ ಹಾಕುವಂತಿಲ್ಲ ಅನ್ನೋದನ್ನೂ ಹೇಳಿ ಕಳಿಸಿದರು. ಠಾಣೆಯಲ್ಲೇ ಜಾಮೀನು ಆಗಿ, ಇಬ್ಬರೂ ಸಂಜೆ ಮನೆಗೆ ಬಂದರು.

ಈಗ ಗಂಡನಿಗೆ ಇವರು, ಹೆಂಡತಿಗೆ ಪ್ರಾಧಿಕಾರದ ಮೇಡಂ. ಚಾರ್ಜ್‌ಶೀಟ್ ಆಗಿದೆ. ರಾಜಿ ಮಾತೂ ನಡೀತಿದೆ. 117(2) ರಾಜಿ ಆಗಬೇಕಾದರೆ ಬೆರಳು ಮುರಿದವರು ಒಪ್ಪಿದರೆ ಸಾಲದು, ಕೋರ್ಟಿನ ಅನುಮತಿಯೂ ಬೇಕಂತೆ. ಮುಂದಿನ ವಾಯಿದೆಗೆ ಇಬ್ಬರು ವಕೀಲರೂ ಸೇರಿ ಆ ಅರ್ಜಿ ಹಾಕ್ತಾರೆ.